ತೌಡಿಗೆ ಮಾರಿದ ಕೂಸು

ಹುಟ್ಟಿದ ಮೂರನೆಯ ದಿನ ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು, ಅದರ ಪಿತ್ತನಾಳ ಮುಚ್ಚಿಹೋಗುವ ಸಂಭವ ನೂರಕ್ಕೆ ಎಷ್ಟೆಂದು ಯಂತ್ರವೊಂದು ಹೇಳಿಬಿಟ್ಟರೆ ಜನ ಏನು ಮಾಡುತ್ತಾರೆ? ಕೂಸನ್ನು ಉಳಿಸಿಕೊಳ್ಳುತ್ತಾರೆ ಎಂದು ಯಂತ್ರ ಮಾಡಿದವರು ನಂಬಿದ್ದರು. ಅದು ಮಗ್ಗದಹಾಳಕ್ಕೆ ಬಂದ ಎರಡನೆಯ ವರ್ಷ, ಕೆಂಪು ಅಂಕಿ ಬಿದ್ದ ಮನೆಯ ಸೊಸೆಯೊಬ್ಬಳನ್ನು ಕೆಟ್ಟ ರಕ್ತ ತಂದವಳೆಂದು ಗಂಡನ ಮನೆಯವರೇ ಜಡೆ ಹಿಡಿದು ಓಣಿಯುದ್ದಕ್ಕೂ ಎಳೆದರು. ಮೂರನೆಯ ವರ್ಷ ಅಂಥದೇ ಇನ್ನೊಂದು ಮನೆಯ ಮಗ್ಗಗಳಿಗೆ ಬೆಂಕಿ ಬಿತ್ತು. ಹಚ್ಚಿದವರು ಯಾರೆಂದು ಊರಿಗೆಲ್ಲ ಗೊತ್ತಿತ್ತು, ಪೊಲೀಸರಿಗೆ ಮಾತ್ರ ಗೊತ್ತಾಗಲಿಲ್ಲ.

ಯಂತ್ರದ ತಪ್ಪೇನೂ ಇರಲಿಲ್ಲ. ಪಿತ್ತಜನಕಾಂಗದಲ್ಲಿ ಹುಟ್ಟುವ ಪಿತ್ತ ಸಣ್ಣ ನಾಳದೊಳಗಿಂದ ಕರುಳಿಗೆ ಇಳಿಯಬೇಕು. ಕೆಲವು ಕೂಸುಗಳಲ್ಲಿ ಆ ನಾಳ ಬಾತು, ಗಟ್ಟಿಯಾಗಿ, ಮುಚ್ಚಿಹೋಗುತ್ತದೆ. ಪಿತ್ತ ಒಳಗೇ ನಿಂತು ತಾನು ಹುಟ್ಟಿದ ಅಂಗವನ್ನೇ ತಿನ್ನುತ್ತದೆ. ಕಣ್ಣು ಹಳದಿಯಾಗುತ್ತದೆ, ಮಲ ಸುಣ್ಣದಂತೆ ಬೆಳ್ಳಗಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಅರವತ್ತು ದಿನ ತುಂಬುವುದರೊಳಗೆ ಕರುಳಿನ ಒಂದು ತುಂಡನ್ನು ಎಳೆದು ಅಂಗಕ್ಕೇ ಹೊಲಿದರೆ ಕೂಸು ಬದುಕುವ ಆಸೆ ಉಂಟು. ತಡವಾದರೆ ಆ ಆಸೆ ದಿನದಿನಕ್ಕೂ ಕರಗುತ್ತದೆ. ಯಂತ್ರ ಮಾಡುತ್ತಿದ್ದುದು ಇಷ್ಟೆ: ತಂದೆತಾಯಿಯಿಂದ ಬಂದ ವಂಶವಾಹಿಗಳಲ್ಲಿ ನಾಳವನ್ನು ಕಟ್ಟುವ ಬರಹವನ್ನು ಓದಿ, ಅದು ಎಲ್ಲೆಲ್ಲಿ ದುರ್ಬಲ ಎಂದು ಲೆಕ್ಕ ಹಾಕಿ, ಒಂದು ಅಂಕಿ ಕೊಡುವುದು. ಅರವತ್ತು ದಾಟಿದರೆ ಕೆಂಪು. ಕೆಂಪು ಕೂಸುಗಳನ್ನು ಸೋಮವಾರಕ್ಕೊಮ್ಮೆ ಕೇಂದ್ರಕ್ಕೆ ತಂದು ತೋರಿಸಬೇಕು. ಕೇಂದ್ರದ ಗೋಡೆಯ ದೊಡ್ಡ ಪರದೆಯ ಮೇಲೆ ತಾಲ್ಲೂಕಿನ ಎಳೆಗೂಸುಗಳೆಲ್ಲ ಒಂದೊಂದು ಚುಕ್ಕೆ. ತಪ್ಪಿಸಿದ ಕೂಸಿನ ಚುಕ್ಕೆ ಮಿನುಗುತ್ತಲೇ ಇರುತ್ತಿತ್ತು.

ಬನವ್ವ ಎರಡು ಮೊಮ್ಮಕ್ಕಳನ್ನು ಮಣ್ಣಿಗಿಟ್ಟವಳು. ಎರಡೂ ಹಳದಿಯಾಗಿ, ಹೊಟ್ಟೆ ಉಬ್ಬಿ ಸತ್ತಿದ್ದವು. ಆಗ ಯಂತ್ರವಿನ್ನೂ ಬಂದಿರಲಿಲ್ಲ. ಮಗ ಏಕನಾಥನಿಗೆ ತನ್ನ ಸ್ವಂತ ತಮ್ಮನ ಮಗಳು ಸುಮಿತ್ರಾಳನ್ನೇ ತಂದುಕೊಂಡಿದ್ದಳು. ನೇಕಾರರ ಓಣಿಯಲ್ಲಿ ಅದು ಹೊಸದಲ್ಲ. ಮನೆಯಲ್ಲಿ ಎಂಟು ಮಗ್ಗ, ಜಗಲಿಯ ಗೂಡಿನಲ್ಲಿ ತಾಯಿ ಬನಶಂಕರಿ. ದಿನಾ ಮಿಂದು, ದೇವಿಗೆ ಕುಂಕುಮವಿಡದೆ ಬನವ್ವ ನೀರು ಕುಡಿದವಳಲ್ಲ.

ಮೂರನೆಯ ಮೊಮ್ಮಗ ಹುಟ್ಟಿದ ದಿನವೇ ಅವಳು ಹಿರಿಯರ ಪದ್ಧತಿ ಹಿಡಿದಳು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆ ಹೆಂಗಸಿಗೆ ತೌಡಿಗೆ ಮಾರಿಬಿಡುವುದು. ಕೂಸು ಆ ಮನೆಯದಲ್ಲ ಎಂದುಕೊಂಡು ಮೃತ್ಯು ಹೊಸ್ತಿಲಿಂದಲೇ ಮರಳುತ್ತದೆ. ಹನ್ನೆರಡನೆಯ ದಿನ ಹೊಸ ಅರಿವೆ ಕೊಟ್ಟು ಮರಳಿ ಕೊಂಡುಕೊಂಡರಾಯಿತು.

ಕೊಳ್ಳುವವಳು ಎದುರು ಮನೆಯ ಕಸ್ತೂರಿ. ಬನವ್ವನ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತುವವಳು. ಅವಳಿಗೂ ಹಿಂದಿನ ದಿನವೇ ಗಂಡು ಕೂಸು ಹುಟ್ಟಿತ್ತು.

"ಏ ಕಸ್ತೂರಿ, ಈ ಕೂಸು ನಮಗ ಬ್ಯಾಡಾಗೇತಿ. ಕೊಳ್ತೀಯೇನ?"

"ಮೂಗು ನೋಡಿದ್ರ ಥೇಟ ನಿಮ್ಮಂಗ ಐತಿ ಆಯಿ. ಭಾಳ ಕೊಡಾಂಗಿಲ್ಲ ನೋಡ್ರಿ."

"ಒಂದು ಬೊಗಸಿ ತೌಡು ಕೊಡ, ಸಾಕು."

ಹೆಂಗಸರೆಲ್ಲ ನಕ್ಕರು. ಕಸ್ತೂರಿ ತೌಡು ಸುರಿದು ಕೂಸನ್ನು ಎತ್ತಿಕೊಂಡು, ಪದ್ಧತಿಯಂತೆ ಮೊಲೆಗೆ ಹಚ್ಚಿಕೊಂಡಳು. ಅಂದಿನಿಂದ ಹನ್ನೆರಡು ದಿನ, ದಿನಕ್ಕೊಮ್ಮೆ ಅವಳ ಹಾಲೂ ಆ ಕೂಸಿಗೆ ಸಲ್ಲಬೇಕು.

ಮೂರನೆಯ ದಿನ ಕೇಂದ್ರದಲ್ಲಿ ಇಬ್ಬರೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಸುಮಿತ್ರಾ ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ. ತಮ್ಮ ಸರದಿ ಹತ್ತಿರ ಬಂದಾಗ ಬನವ್ವ ಕಸ್ತೂರಿಯ ಮಡಿಲಿನ ಕೂಸನ್ನು ತಾನು ಎತ್ತಿಕೊಂಡು ತನ್ನ ಮಡಿಲಿನದನ್ನು ಅವಳಿಗೆ ಕೊಟ್ಟಳು.

"ಇದೇನ್ ಆಯಿ?"

"ಹನ್ನೆರಡು ದಿನದ ಮಟ ಅಂವ ನಿನ್ನ ಮಗ. ನಿನ್ನ ಹೆಸರಲೇ ಹಿಡಿ."

"ಅದು ಸಾವಿಗೆ ಹೇಳೋ ಮಾತಲ್ಲೇನ್ರಿ. ಇದು ಮಷೀನು."

"ಸಾವು ಏನು ನೋಡ್ಕೊಂಡು ಬರತೈತಿ ಅಂತಿ? ಇವರ ಗ್ವಾಡಿ ನೋಡೇ ಬರತೈತಿ. ತಾಯಿ ಮುಂದ ಮಾರೀನಿ, ತಾಯಿ ಮುಂದ ಸುಳ್ಳಾಡಲ್ಲ ನಾ."

ಕಸ್ತೂರಿಗೆ ಮಾತು ಮುಂದುವರಿಸುವ ಧೈರ್ಯ ಬರಲಿಲ್ಲ. ಕೆಲಸ ಕೊಟ್ಟ ಮನೆ. ನರ್ಸು ಮೆಹಜಬೀನ್ ಸಿಸ್ಟರ್ ಬಂದು, "ಇದು ಯಾರ ಕೂಸರಿ?" ಎಂದಾಗ ಬನವ್ವ, "ಅದು ಕಸ್ತೂರೀದು" ಎಂದಳು. ಬನವ್ವನ ಮಡಿಲಿನದು ಅವಳ ಮನೆಯದೆಂದು ಸಿಸ್ಟರ್ ತಾನೇ ಬರೆದುಕೊಂಡಳು. ಸೂಜಿ ಚುಚ್ಚಿದಾಗ ಎರಡೂ ಕೂಸುಗಳು ಒಟ್ಟಿಗೇ ಚೀರಿದವು.

"ಅಂಕಿ ದೊಡ್ಡದು ಬಂದ್ರ ಹೆದರಬ್ಯಾಡ್ರಿ" ಎಂದು ಸಿಸ್ಟರ್ ಎಲ್ಲರಿಗೂ ಹೇಳುವಂತೆ ಹೇಳಿದಳು. "ಹಾಸಿನ್ಯಾಗ ಒಂದು ಎಳಿ ಸವದೈತಿ ಅಂದ್ರ ಹರದೈತಿ ಅಂತಲ್ಲ. ಯಾರರ ಜಗ್ಗಿದ್ರ ಹರೀತೈತಿ. ಬಸುರಿದ್ದಾಗ ಬಂದ ಜ್ವರ ಜಗ್ಗಬಹುದು, ಇಲ್ಲಾ ಮತ್ತೊಂದು. ಜಗ್ಗಲಿಲ್ಲಂದ್ರ ಆ ಅರಿವಿ ಮುಪ್ಪಿನ ತನಕ ಬಾಳಿಕಿ ಬರತೈತಿ."

ಆ ಮಾತನ್ನು ಮಗ್ಗದಹಾಳದಲ್ಲಿ ಅಷ್ಟು ಚೆನ್ನಾಗಿ ಹೇಳಿದವರಿಲ್ಲ. ಅದನ್ನು ಕೇಳಿಸಿಕೊಂಡವರೂ ಇರಲಿಲ್ಲ.

ಐದನೆಯ ದಿನ ಅಂಕಿ ಬಂದವು. ಬನವ್ವನ ಮನೆಗೆ ಒಂಬತ್ತು, ಕಸ್ತೂರಿಯ ಮನೆಗೆ ಎಂಬತ್ತಮೂರು. ಏಕನಾಥ ಓಣಿಗೆಲ್ಲ ಪೇಡೆ ಹಂಚಿದ. ಬನವ್ವ ದೇವಿಯ ಗೂಡಿನ ಮುಂದೆ ಅಡ್ಡಬಿದ್ದು ಏಳುವಷ್ಟರಲ್ಲಿ ಎದುರು ಮನೆಯಲ್ಲಿ ಏನೋ ಒಡೆದ ಸದ್ದಾಯಿತು. ಕಸ್ತೂರಿಯ ಗಂಡ ಪರಸಪ್ಪ ಮೊದಲು ಪಾತ್ರೆಗಳನ್ನು ಒಡೆದ. ಆಮೇಲೆ ಮಗ್ಗದ ಲಾಳಿ ತೆಗೆದುಕೊಂಡ. ಅದರ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ.

ಕಸ್ತೂರಿ ಹಣೆ ಒಡೆದುಕೊಂಡು, ಕೂಸನ್ನು ಎದೆಗವಚಿಕೊಂಡು ಬನವ್ವನ ಬಾಗಿಲಿಗೆ ಓಡಿಬಂದಳು. ಹಿಂದೆ ಪರಸಪ್ಪ, ಅವನ ಹಿಂದೆ ಓಣಿಯ ಜನ.

"ಆಯಿ, ಹೇಳ್ರಿ ಇವ್ನಿಗೆ! ಅದು ನನ್ನ ಮಗನ ರಕ್ತ ಅಲ್ಲಂತ ಹೇಳ್ರಿ! ನೀವ ಅದಲಿಬದಲಿ ಮಾಡಿದ್ರಲ್ರಿ!"

ಓಣಿಯೆಲ್ಲ ಬನವ್ವನ ಬಾಯಿ ನೋಡಿತು. ಏಕನಾಥ ಪೇಡೆಯ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಎಂಟು ಮಗ್ಗ, ಬಾಣಂತಿ ಸೊಸೆ, ಹಿಂದೆ ಜಡೆ ಹಿಡಿದು ಎಳೆಸಿಕೊಂಡ ಆ ಹೆಣ್ಣು, ಎಲ್ಲವೂ ಬನವ್ವನ ಕಣ್ಣ ಮುಂದೆ ಬಂದವು.

"ಯಾರ ಕೂಸು ಯಾರದು ಅಂತ ಸಿಸ್ಟರ್ ಕೇಳಿದ್ರು, ನಾ ಹೇಳೀನಿ" ಎಂದಳು ಬನವ್ವ. "ತಾಯಿ ಮ್ಯಾಲ ಆಣಿ, ನಾ ಸುಳ್ಳಾಡಿಲ್ಲ."

ಮಾತು ನಿಜವಿತ್ತು. ಅಷ್ಟು ನಿಜವಾದ ಮಾತಿನಿಂದ ಅಷ್ಟು ದೊಡ್ಡ ಪಾಪವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ. ಪರಸಪ್ಪ ಹೆಂಡತಿಯ ರಟ್ಟೆ ಹಿಡಿದು ಎಳೆದೊಯ್ದ. ಯಾರೋ ಒಬ್ಬರು ಕಲ್ಲು ಒಗೆದರು. ಅದು ಕಸ್ತೂರಿಯ ಬೆನ್ನಿಗೆ ಬಡಿಯಿತು.

ಮರುದಿನದಿಂದ ಅವಳು ಹಾಲು ಕೊಡಲು ಬರಲಿಲ್ಲ. ಪರಸಪ್ಪ ಅವಳನ್ನು ಹೊಸ್ತಿಲು ದಾಟಗೊಡಲಿಲ್ಲ, ಸೋಮವಾರ ಕೇಂದ್ರಕ್ಕೂ ಬಿಡಲಿಲ್ಲ. ಹನ್ನೆರಡನೆಯ ದಿನ ಹೊಸ ಅರಿವೆಯನ್ನು ಬನವ್ವ ಆ ಮನೆಯ ಹೊಸ್ತಿಲ ಮೇಲಿಟ್ಟು ಓಡಿಬಂದಳು. ಪದ್ಧತಿ ಮುಗಿಯಿತು ಎಂದುಕೊಂಡಳು.

ಇಪ್ಪತ್ತನೆಯ ದಿನ ಪರಸಪ್ಪ ಪಕ್ಕದ ಹಳ್ಳಿಯಿಂದ ಚುಟಿಗೆ ಹಾಕುವ ಮುದುಕನನ್ನು ಕರೆತಂದ. ಕಾಮಾಲೆ ಬಂದ ಕೂಸಿನ ಹೊಟ್ಟೆಗೆ ಕಾಸಿದ ಬಳೆಯಿಂದ ಬರೆ ಎಳೆಯುವವ. ಅಂಥದು ನಿಂತು ಎಷ್ಟೋ ಕಾಲವಾಗಿತ್ತು. ಅಂಕಿ ಬಂದ ಮೇಲೆ ಮತ್ತೆ ಶುರುವಾಗಿತ್ತು, ಈಗ ಕಾಮಾಲೆಗೂ ಕಾಯುತ್ತಿರಲಿಲ್ಲ. ಕೂಸಿನ ಕಣ್ಣು ಬೆಳ್ಳಗೇ ಇದ್ದವು, ಮೈ ಗುಂಡುಗುಂಡಾಗಿತ್ತು. ಕಸ್ತೂರಿಯನ್ನು ಒಳಕೋಣೆಗೆ ನೂಕಿ ಚಿಲಕ ಹಾಕಿದರು. ಹಗಲು ಹನ್ನೊಂದರ ಹೊತ್ತು. ಮಗ್ಗಗಳು ನಡೆಯುತ್ತಿದ್ದವು. ಆ ಸದ್ದನ್ನೂ ಸೀಳಿಕೊಂಡು ಬಂದ ಕೂಗು ಬನವ್ವನಿಗೆ ಕೇಳಿಸಿತು. ನಾಲ್ಕು ಸಲ. ಅವಳು ಮೊಮ್ಮಗನ ಕಿವಿಗೆ ಅಂಗೈ ಮುಚ್ಚಿ ಬಾಗಿಲ ಹಿಂದೆ ಕೂತಿದ್ದಳು. ಎದ್ದು ಹತ್ತು ಹೆಜ್ಜೆ ಹಾಕಿದ್ದರೆ ಸಾಕಿತ್ತು.

ಸುಟ್ಟ ಜಾಗ ಕೀವಾಯಿತು, ಜ್ವರ ಏರಿತು. ಆಸ್ಪತ್ರೆಗೆ ಒಯ್ದರೆ ಬರೆ ಕಂಡು ಪೊಲೀಸರು ಬರುತ್ತಾರೆಂದು ಪರಸಪ್ಪ ಒಯ್ಯಲಿಲ್ಲ. ಮೂವತ್ತೊಂದನೆಯ ದಿನ ಕೂಸು ಸತ್ತಿತು. ಹಳ್ಳದ ದಂಡೆಯಲ್ಲಿ ಹುಗಿದು, ಅಜ್ಜಿಯ ಊರಿಗೆ ಕಳಿಸಿದೆವು ಎಂದು ಹೇಳಿದರು. ಸಾವನ್ನು ಎಲ್ಲಿಯೂ ಬರೆಸಲಿಲ್ಲ, ಕಸ್ತೂರಿ ಠಾಣೆಗೆ ಹೋಗದಂತೆ ಒಳಕೋಣೆಗೆ ಬೀಗ ಜಡಿದರು. ಸೋಮವಾರ ತಪ್ಪಿದ್ದಕ್ಕೆ ಮೆಹಜಬೀನ್ ಸಿಸ್ಟರ್ ಎರಡು ಸಲ ಹುಡುಕಿಕೊಂಡು ಬಂದಳು. ಎರಡನೆಯ ಸಲ ಪರಸಪ್ಪ ಅವಳ ಕೆನ್ನೆಗೆ ಹೊಡೆದು ಕಳಿಸಿದ. ಕೇಂದ್ರದ ಗೋಡೆಯ ಮೇಲೆ ಕಸ್ತೂರಿಯ ಮಗನ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ಯಂತ್ರದ ಲೆಕ್ಕದಲ್ಲಿ ಅವನಿನ್ನೂ ಜೀವಂತವಿದ್ದ.

ಬನವ್ವನಿಗೆ ಇವೆಲ್ಲ ಗೊತ್ತಿತ್ತು. ಹತ್ತು ಮಾರು ಅಗಲದ ಓಣಿಯಲ್ಲಿ ಏನೂ ಮುಚ್ಚಿಡಲಾಗುವುದಿಲ್ಲ.

ಅವಳ ಮೊಮ್ಮಗನ ಕಣ್ಣು ಅಷ್ಟರಲ್ಲಾಗಲೇ ಹಳದಿಯಾಗಿತ್ತು. ಮೊದಲು ನೋಡಿದವಳು ಸುಮಿತ್ರಾ.

"ಅತ್ತಿ, ಇಲ್ಲಿ ನೋಡ್ರಿ. ಸುಣ್ಣ ಕಲಸಿದಂಗ ಹೇತಾನ."

"ನೀ ಏನರ ತಿಂದಿರ್ತಿ" ಎಂದ ಏಕನಾಥ ಹೊರಗಿನಿಂದಲೇ. "ಮಷೀನು ಒಂಬತ್ತು ಅಂದೈತಿ. ಒಂಬತ್ತು ಅಂದ್ರ ಏನಂತ ತಿಳದಿ? ಊರಾಗ ಯಾರಿಗೂ ಅಷ್ಟು ಕಮ್ಮಿ ಬಂದಿಲ್ಲ."

"ಮಷೀನಿನ ಕಣ್ಣು ನೋಡಬ್ಯಾಡ್ರಿ, ಕೂಸಿನ ಕಣ್ಣು ನೋಡ್ರಿ!"

ಬನವ್ವ ಹರಕೆ ಹೊತ್ತಳು. ಎರಡು ಹೊತ್ತು ಉಪವಾಸ ಹಿಡಿದಳು. ದೇವಿಯ ಮುಂದೆ ಕಣ್ಣು ಮುಚ್ಚಿದರೆ ಆ ನಾಲ್ಕು ಕೂಗು ಕೇಳಿಸುತ್ತಿದ್ದವು. ತಾಯಿಗೆ ಏನು ಬೇಡಲಿ? ನನ್ನ ಮೊಮ್ಮಗನನ್ನು ಉಳಿಸು ಎಂದರೆ, ಯಾರ ಮಗನೆಂದು ಹೇಳಿದ್ದೆ ಎಂದು ಅವಳು ಕೇಳುವುದಿಲ್ಲವೆ?

ನಲವತ್ತೆಂಟನೆಯ ದಿನ, ಮಗ್ಗ ನಿಲ್ಲಿಸಿ ಎಲ್ಲರೂ ಊಟಕ್ಕೆ ಕೂತಾಗ, ಬನವ್ವ ತಾಟು ಸರಿಸಿದಳು.

"ಏಕನಾಥಾ, ಆ ಎಂಬತ್ತಮೂರು ನಮ್ಮ ಕೂಸಿಂದು."

ಎಲ್ಲವನ್ನೂ ಹೇಳಿದಳು. ಏಕನಾಥ ಮೊದಲು ನಕ್ಕ. ಆಮೇಲೆ ಎದ್ದು ಹೆತ್ತ ತಾಯಿಯ ಬಾಯಿಗೆ ಮುಷ್ಟಿಯಿಂದ ಗುದ್ದಿದ. ಬನವ್ವ ಮಗ್ಗದ ಕೆಳಗೆ ಕಾಲಿಡುವ ಕುಣಿಯೊಳಗೆ ಬಿದ್ದಳು. ಮುಂದಿನ ಹಲ್ಲು ಮುರಿದು ಬಾಯ್ತುಂಬ ರಕ್ತ. ಅವನು ಕುಣಿಗಿಳಿದು ಮತ್ತೆ ಹೊಡೆದ, ಒದ್ದ. "ಒಂದು ಕೂಸು ಕೊಂದಿ! ಇನ್ನೊಂದು ಕೊಲ್ಲಾಕ್ಹತ್ತಿ! ನಿನ್ನ ತಾಯಿ, ನಿನ್ನ ದೇವ್ರು!" ಎಂದು ಕೂಗುತ್ತ ಗೂಡಿನ ಕಡೆ ತಿರುಗಿದವನು, ಅದರ ಮೇಲೆ ಕೈ ಮಾಡಲಾರದೆ, ತನ್ನ ತಲೆಯನ್ನೇ ಕಂಬಕ್ಕೆ ಚಚ್ಚಿಕೊಂಡ.

ಸುಮಿತ್ರಾ ಅಳಲಿಲ್ಲ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬಡಿದಾಟ ಆಮ್ಯಾಲ ಮಾಡ್ರಿ. ಎಷ್ಟು ದಿನ ಉಳದಾವು?"

"ಹನ್ನೆರಡು" ಎಂದಳು ಬನವ್ವ, ಕುಣಿಯೊಳಗಿಂದ.

ಕೇಂದ್ರದಲ್ಲಿ ಸಿಸ್ಟರ್ ಕೂಸಿನ ಹಿಮ್ಮಡಿ ಚುಚ್ಚಿದಳು. ಯಂತ್ರ ಒಂದು ಕ್ಷಣವೂ ಯೋಚಿಸಲಿಲ್ಲ. ಕಸ್ತೂರಿ ಪರಸಪ್ಪ ಇವರ ಗಂಡು ಕೂಸು, ಎಂಬತ್ತಮೂರು, ಆರು ಸೋಮವಾರ ತಪ್ಪಿದೆ. ಗೋಡೆಯ ಮೇಲೆ ಮಿನುಗುತ್ತಿದ್ದ ಚುಕ್ಕೆ ಸ್ಥಿರವಾಯಿತು. ಹೊಟ್ಟೆಯ ಚಿತ್ರ ತೆಗೆದು ನೋಡಿದರೆ ನಾಳವಿರಬೇಕಾದ ಕಡೆ ಬರಿಯ ಗಂಟು. ಪರದೆಯ ಮೇಲೆ ಅಕ್ಷರ ಮೂಡಿದವು: ದೊಡ್ಡ ಆಸ್ಪತ್ರೆಯಲ್ಲಿ ನಾಳಿದ್ದಿಗೆ ಹಾಸಿಗೆ, ತಾಯಿಯ ಹೆಬ್ಬೆಟ್ಟು ಬೇಕು.

"ಮತ್ತ ಕಸ್ತೂರಿ ಮಗ ಎಲ್ಲಿ?" ಸಿಸ್ಟರ್ ಕೇಳಿದಳು.

"ಸತ್ತಾನ" ಎಂದಳು ಬನವ್ವ. ತುಟಿ ಬಾತು ಮಾತು ತೊದಲುತ್ತಿತ್ತು. "ಚುಟಿಗಿ ಹಾಕಿ ಕೊಂದಾರ."

ಸಿಸ್ಟರ್ ಪರದೆಯತ್ತ ತಿರುಗಿ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಆಮೇಲೆ ಕೇಂದ್ರದ ಡಾಕ್ಟರ್ ಮುಳಗುಂದ ಅವರನ್ನು ಕರೆದಳು. ಅವರು ಬಿಡಿಸಿ ಹೇಳಿದರು. ರಾಜ್ಯಕ್ಕೆಲ್ಲ ಈ ಶಸ್ತ್ರಕ್ರಿಯೆಯ ಕೋಣೆಗಳು ಎರಡೇ, ಸರದಿ ಕೊಡುವುದು ಅಂಕಿ. ಹೆಸರು ತಿದ್ದಬೇಕಾದರೆ ಎರಡೂ ಮನೆಯವರ ರಕ್ತ ರಾಜಧಾನಿಗೆ ಹೋಗಿ ಬರಬೇಕು, ಒಂಬತ್ತು ದಿನ. ಆಮೇಲೆ ಸರದಿಯ ಬಾಲಕ್ಕೆ ನಿಲ್ಲಬೇಕು. ಆ ಹೊತ್ತಿಗೆ ಅರವತ್ತು ದಾಟುತ್ತದೆ.

"ಕಸ್ತೂರಿ ತನ್ನ ಮಗ ಸತ್ತಾನಂತ ಬರಸಿದ್ರ ಈ ಹಾಸಿಗಿ ಈಗಿಂದೀಗ ಹೋಗತೈತಿ" ಎಂದರು ಡಾಕ್ಟರ್. "ಇದು ನನ್ನ ಮಗ ಅಂತ ಹೆಬ್ಬೆಟ್ಟು ಒತ್ತಿದ್ರ ನಾಳಿದ್ದು ಆಪರೇಷನ್. ನಾ ಇಂಥಾ ಮಾತು ಆಡಬಾರದು. ಆಡೀನಿ. ಇನ್ನ ನಿಮ್ಮ ಕೈಯಾಗೈತಿ."

ನಮ್ಮ ಕೈಯಲ್ಲಲ್ಲ ಎಂದು ಬನವ್ವನಿಗೆ ಗೊತ್ತಿತ್ತು.

ಹೆಬ್ಬೆಟ್ಟಿನ ಪೆಟ್ಟಿಗೆ ಹಿಡಿದು ಸಿಸ್ಟರ್ ಅವರ ಜೊತೆಗೆ ಕಸ್ತೂರಿಯ ಮನೆಗೆ ಬಂದಳು. ಪರಸಪ್ಪ ಬಾಗಿಲಲ್ಲೇ ಕಬ್ಬಿಣದ ಸಲಾಕೆ ಹಿಡಿದು ನಿಂತ. "ಒಳಗ ಕಾಲಿಟ್ರ ಹೆಣ ಬೀಳತಾವು." ಏಕನಾಥ ಕಾಲಿಟ್ಟ. ಸಲಾಕೆ ಅವನ ಹೆಗಲ ಮೂಳೆ ಮುರಿಯಿತು. ಅವನು ಬಿಡದೆ ಪರಸಪ್ಪನನ್ನು ಗೋಡೆಗೆ ಒತ್ತಿ, ಕೆಳಗೆ ಕೆಡವಿ, ಅವನ ಕೈ ಮಣಿಕಟ್ಟಿನಲ್ಲಿ ಲಟಕ್ಕೆನ್ನುವ ತನಕ ತಿರುವಿದ. ಬನವ್ವ ಒಳಕೋಣೆಯ ಬೀಗವನ್ನು ರುಬ್ಬುಗುಂಡಿನಿಂದ ಒಡೆದಳು.

ಕಸ್ತೂರಿ ಮೂಲೆಯಲ್ಲಿ ಕೂತಿದ್ದಳು. ಹಾಲು ಬತ್ತಲೆಂದು ಎದೆಗೆ ಬಿಗಿಯಾಗಿ ಅರಿವೆ ಕಟ್ಟಿತ್ತು. ಬನವ್ವನನ್ನು ಕಂಡು ಎದ್ದಳು, ಹತ್ತಿರ ಬಂದಳು, ಹೊಡೆದಳು. ಮುರಿದ ಹಲ್ಲಿನ ಬಾಯಿಗೇ ಹೊಡೆದಳು. ಕೈ ಸೋಲುವ ತನಕ ಹೊಡೆದಳು. ಬನವ್ವ ಮುಖ ಮುಚ್ಚಿಕೊಳ್ಳಲಿಲ್ಲ. ಯಾರೂ ಬಿಡಿಸಲೂ ಇಲ್ಲ.

ಆಮೇಲೆ ಸಿಸ್ಟರ್ ಇದ್ದದ್ದು ಇದ್ದಂತೆ ಹೇಳಿದಳು. ಸಾವು ಬರೆಸಿದರೆ ಇವತ್ತೇ ಪೊಲೀಸರು ಬಂದು ಪರಸಪ್ಪನನ್ನೂ ಚುಟಿಗೆಯ ಮುದುಕನನ್ನೂ ಹಿಡಿಯುತ್ತಾರೆ. ಹೆಬ್ಬೆಟ್ಟು ಒತ್ತಿದರೆ, ಕಾಗದದಲ್ಲಿ ನಿನ್ನ ಮಗ ಸತ್ತೇ ಇಲ್ಲ.

"ನನ್ನ ಮಗನ್ನ ಕೊಂದ ಅಂಕಿಲೇ ಇವರ ಮಗ ಬದುಕಬೇಕೇನ್ರಿ ಸಿಸ್ಟರ್?"

ಸಿಸ್ಟರ್ ಹೆಬ್ಬೆಟ್ಟಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು.

ಸುಮಿತ್ರಾ ಮುಂದೆ ಬಂದಳು. ಬೇಡಿಕೊಳ್ಳಲಿಲ್ಲ, ಕಾಲಿಗೆ ಬೀಳಲಿಲ್ಲ. ಕೂಸನ್ನು ಕಸ್ತೂರಿಯ ಮುಂದೆ ಚಾಪೆಯ ಮೇಲೆ ಮಲಗಿಸಿ ಹಿಂದೆ ಸರಿದಳು. ಅರಿಶಿಣ ಬಡಿದಂಥ ಮುಖ, ಉಬ್ಬಿದ ಹೊಟ್ಟೆ. ಕೂಸು ಹಸಿದು ಕುಂಯ್‌ಗುಟ್ಟಿತು. ಕಸ್ತೂರಿಯ ಎದೆಗೆ ಕಟ್ಟಿದ ಅರಿವೆ ನೋಡನೋಡುತ್ತ ಒದ್ದೆಯಾಯಿತು. ಅವಳು ತನ್ನ ಎದೆಯನ್ನೇ ಶಪಿಸಿದಳು. ಶಪಿಸುತ್ತಲೇ ಕೂಸನ್ನು ಎತ್ತಿಕೊಂಡಳು.

"ಆಪರೇಷನ್ ಆಗಾಮಟ" ಎಂದಳು. "ಆಮ್ಯಾಲ ನಾ ಠಾಣಾಕ ಹೋಗಾಕಿ. ಆಯಿ, ನೀವೂ ಬರಬೇಕು. ಅವತ್ತು ಬಾಗಲದಾಗ ಹೇಳದಿದ್ದದ್ದು ಅಲ್ಲಿ ಹೇಳಬೇಕು."

"ಹೇಳ್ತೀನಿ ಯವ್ವಾ."

"ನಿಮ್ಮ ಆಣಿ ನನಗ ಬ್ಯಾಡ. ಬರ್ರಿ, ಅಷ್ಟ ಸಾಕು."

ಕಸ್ತೂರಿ ಹೆಬ್ಬೆಟ್ಟು ಒತ್ತಿದಳು. ಆಂಬುಲೆನ್ಸ್ ಹತ್ತುವಾಗ, ತಾಯಿಯೊಬ್ಬಳೇ ಒಳಗಿರಬೇಕೆಂಬ ನಿಯಮದಂತೆ, ಸುಮಿತ್ರಾ ಕೆಳಗೇ ನಿಂತಳು.

ಐವತ್ತನೆಯ ದಿನ ಶಸ್ತ್ರಕ್ರಿಯೆ ನಡೆಯಿತು. ಐದು ದಿನ ಬನವ್ವ, ಸುಮಿತ್ರಾ, ಹೆಗಲು ಕಟ್ಟಿಸಿಕೊಂಡ ಏಕನಾಥ ಆಸ್ಪತ್ರೆಯ ಹೊರಗಿನ ಮೆಟ್ಟಿಲ ಮೇಲೆ ಕಳೆದರು. ಏಕನಾಥ ತಾಯಿಗೆ ಬೆನ್ನು ಹಾಕಿ ಕೂತ. ಬನವ್ವ ಜಪ ಮಾಡಲು ಕೂತಳು, ನಾಲಿಗೆ ಹೊರಳಲಿಲ್ಲ. ದೇವಿಯ ಹೆಸರು ಎತ್ತುವ ಯೋಗ್ಯತೆ ತನಗಿಲ್ಲವೆಂದು ಸುಮ್ಮನೆ ಕೈಮುಗಿದು ಕೂತಿದ್ದಳು.

ಐದನೆಯ ದಿನ ಬೆಳಗ್ಗೆ ವಾರ್ಡಿನ ನರ್ಸು ಬಾಗಿಲಿಗೆ ಬಂದು ಕೂಗಿದಳು.

"ತುಳಸಿಗೇರೆಪ್ಪನ ಮನಿಯವರು ಯಾರದೀರಿ?"

ಮೆಟ್ಟಿಲ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ನಮ್ಮನ್ನಲ್ಲ ಎಂದು ಏಕನಾಥ ಮುಖ ತಿರುಗಿಸಿದ. ನರ್ಸು ಮತ್ತೆ ಕೂಗಿದಳು. "ತುಳಸಿಗೇರೆಪ್ಪ ಪರಸಪ್ಪ! ಐವತ್ತೈದು ದಿನದ ಕೂಸು!"

ಅದು ಕಸ್ತೂರಿಯ ಸತ್ತ ಮಗನ ಹೆಸರು. ಹತ್ತು ಮಾರು ಆಚೆ ಆ ಕೂಸು ಒಂದು ತಿಂಗಳು ಬದುಕಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಹಿಮ್ಮಡಿ ಹಿಡಿದವಳು ಅವಳು, ಅದು ಸುಡುವಾಗ ಕೂಗಿದ್ದನ್ನು ಕೇಳಿದವಳು ಅವಳು. ಅದರ ಹೆಸರೇನೆಂದು ಒಂದು ದಿನವೂ ಕೇಳಿರಲಿಲ್ಲ.

"ನಾವರಿ" ಎಂದು ಎದ್ದಳು.

"ಕೂಸು ಹಸರು ಹೇತೈತ್ರಿ. ಪಿತ್ತ ಇಳಿಯಾಕ್ಹತ್ತೈತಿ. ಮುಂದ ಹೆಂಗೋ ಏನೋ, ಇವತ್ತಿಗೆ ಗೆದ್ದೈತಿ."

ಸುಮಿತ್ರಾ ಮೆಟ್ಟಿಲ ಮೇಲೇ ಕುಸಿದು ದೊಡ್ಡ ದನಿಯಲ್ಲಿ ಅತ್ತಳು. ಅವಳ ಪಕ್ಕದಿಂದ ಹಾಯ್ದು ಕಸ್ತೂರಿ ಹೊರಗೆ ಬಂದಳು. ಐದು ದಿನದ ಎಚ್ಚರದಿಂದ ಕಣ್ಣು ಒಳಗಿಳಿದಿದ್ದವು. ಸೆರಗು ಸರಿಮಾಡಿಕೊಂಡು ಬನವ್ವನ ಮುಂದೆ ನಿಂತಳು.

"ನಡೀರಿ ಆಯಿ. ಆ ಹೆಸರು ಈಗ ನನಗ ಹೊಳ್ಳಿ ಬೇಕು. ಠಾಣೆದಾಗ ಬರಸಬೇಕು."

ಬನವ್ವ ಬಗ್ಗಿ ಚಪ್ಪಲಿ ಹಾಕಿಕೊಂಡಳು.